ಗುಹೆಯಲ್ಲಿ ಕಟ್ಟಿಹಾಕಿದ್ದ ಮಾಗಿ

ಬಹಳ ಬಹಳ ಹಿಂದೆ ಹೊನ್ನಬಿಸಿಲು ಅಂತ ಒಂದು ರಾಜ್ಯ. ಅಲ್ಲಿ ಚಳಿಗಾಲವೇ ಇರಲಿಲ್ಲ. ಮೊದಲು ಇತ್ತು. ಒಂದು ಮಾಗಿಯಲ್ಲಿ ರಾಜ ರಣಭೀಮನ ರಾಣಿ ತೀರಿಕೊಂಡಳು. ಆಮೇಲೆ ಪ್ರತಿ ವರ್ಷ ಮಂಜು ಬಿದ್ದು, ಜನ ಕೆಲಸ ಬಿಟ್ಟು ಒಲೆ ಮುಂದೆ ಕೂತರೆ ಸಾಕು, ರಾಜನಿಗೆ ಅವಳ ನೆನಪು ಉಕ್ಕಿ ಬರುತ್ತಿತ್ತು. ತಡೆಯಲಾರದೆ ಅವನು ಉರಿಕೇಶಿ ಎಂಬ ಮಾಂತ್ರಿಕನನ್ನು ಕರೆಸಿ, ಚಳಿಗಾಲವೇ ಇಲ್ಲದಂತೆ ಮಾಡು ಎಂದ. ಮಾಂತ್ರಿಕ ಮಾಗಿಯನ್ನು ಹಿಡಿದು ಬಿಳಿಬೆಟ್ಟದ ಗುಹೆಯಲ್ಲಿ ಕಟ್ಟಿಹಾಕಿದ. ಪ್ರತಿಯಾಗಿ ಪ್ರಜೆಗಳ ಕಣ್ಣೀರನ್ನೆಲ್ಲ ಕೇಳಿದ. ಅಷ್ಟೇ ತಾನೆ, ತಗೋ ಎಂದುಬಿಟ್ಟ ರಾಜ. ದೊಡ್ಡವರ ಬುದ್ಧಿ, ಏನು ಹೇಳೋಣ.

ಅಂದಿನಿಂದ ಆ ರಾಜ್ಯದಲ್ಲಿ ಯಾರಿಗೂ ಅಳು ಬರಲಿಲ್ಲ. ಅಳದ ದುಃಖ ಮೈಯೊಳಗೇ ಹೆಪ್ಪುಗಟ್ಟಿ, ದುಃಖ ಇದ್ದವರೆಲ್ಲ ಕಾಲಿನಿಂದ ಮೇಲಕ್ಕೆ ಕಲ್ಲಾಗತೊಡಗಿದರು. ರಾಜನೇ ಸಿಂಹಾಸನದಲ್ಲಿ ಸೊಂಟದವರೆಗೆ ಕಲ್ಲಾಗಿ ಕೂತಿದ್ದ.

ಅಲ್ಲಿ ಮಾಳಿಂಗ ಎಂಬ ಕುರಿ ಕಾಯುವ ತರುಣನಿದ್ದ. ಹಿಂದಿನ ಮಳೆಗಾಲದಲ್ಲಿ ಅವನಪ್ಪ ಹಳ್ಳದ ನೀರಿಗೆ ಕೊಚ್ಚಿಹೋಗಿದ್ದ. ಅವ್ವ ಸಿದ್ದವ್ವ ಹೊಟ್ಟೆಯವರೆಗೆ ಕಲ್ಲಾಗಿದ್ದಳು. ಕಲ್ಲು ಎದೆ ಮುಟ್ಟಿದರೆ ಅವಳು ಉಳಿಯುವುದಿಲ್ಲ ಎಂದರು ಊರವರು. ಮಾಗಿ ಮರಳಿದರೆ ಅಳುವೂ ಮರಳೀತು, ಮಾಗಿಯನ್ನೇ ಬಿಡಿಸಿ ತರುತ್ತೇನೆ ಎಂದು ಮಾಳಿಂಗ ಬಿಳಿಬೆಟ್ಟಕ್ಕೆ ಹೊರಟ. ಒಂದೇ ಉಸಿರಿಗೆ ಓಡಿದ, ಪಾಪ.

ಬೆಟ್ಟದ ಬುಡದಲ್ಲಿ ಮಂಜಿನಿಂದಾದ ಆನೆ ದಾರಿಗಡ್ಡ ನಿಂತಿತ್ತು. ಮಾಳಿಂಗ ತಳ್ಳಿದ, ಕೋಲಿನಿಂದ ಬಡಿದ, ಕೈಮುಗಿದು ಬೇಡಿಕೊಂಡ. ಆನೆ ಜಪ್ಪಯ್ಯ ಅಂದರೂ ಕದಲಲಿಲ್ಲ. ಸೋತು ಸುಣ್ಣವಾಗಿ ಅವನು ಕೆಳಗೆ ಕೂತ. ಒಂದು ಗಳಿಗೆ ಸುಮ್ಮನೆ ಕೂತದ್ದೇ ತಡ, ಆನೆ ಪಕ್ಕಕ್ಕೆ ಸರಿಯಿತು.

ನಡುಬೆಟ್ಟದಲ್ಲಿ ಬಿಳಿ ಹುಲಿ ಮಲಗಿತ್ತು. ಮಾಳಿಂಗ ಈ ಸಲ ತಾನಾಗಿಯೇ ಕೂತ. ಯಾರಿಗಾಗಿ ಬಂದೆ ಎಂದು ಹುಲಿ ಕೇಳಿತು. ಅವ್ವನಿಗಾಗಿ ಎಂದ.

"ಅಷ್ಟೇನಾ? ಇಷ್ಟು ಮುಳ್ಳು ತುಳ್ಕೊಂಡು ಬಂದ್ಯಲ್ಲ, ಒಂದಾದ್ರೂ ಚುಚ್ಚಿತಾ?"

ಮಾಳಿಂಗ ಕಾಲೆತ್ತಿ ನೋಡಿಕೊಂಡ. ಎರಡೂ ಪಾದ ಕಲ್ಲು. ಅವ್ವನದೇ ಚಿಂತೆಯಲ್ಲಿ ತನ್ನ ಕಾಲು ಅವನಿಗೆ ಕಂಡೇ ಇರಲಿಲ್ಲ. ಅವನಿಗೆ ತುಂಬ ಹೆದರಿಕೆಯಾಯಿತು. ಹುಲಿ ಎದ್ದು ದಾರಿ ಬಿಟ್ಟಿತು.

ತುದಿಯ ಗುಹೆಯಲ್ಲಿ ಮಾಗಿ ಕೂತಿದ್ದಳು. ಅಬ್ಬಾ, ಅದೆಂಥ ಮುದುಕಿ! ಅವಳ ಬಿಳಿ ಕೂದಲು ಗುಹೆಯನ್ನೆಲ್ಲ ತುಂಬಿತ್ತು. ಒಂದೊಂದು ಕೂದಲಿಗೂ ಸಾವಿರ ಇಬ್ಬನಿ, ಒಂದೊಂದು ಇಬ್ಬನಿಯಲ್ಲೂ ತೀರಿಹೋದ ಒಬ್ಬರ ಮುಖ. ಅವಳ ಮೈಗೆ ಬೆಂಕಿಯ ಸರಪಳಿ ಸುತ್ತಿತ್ತು. ಮಾಳಿಂಗ ಉಸಿರಾಡುವುದನ್ನೂ ಮರೆತು ನಿಂತ. ಅವಳ ಪಕ್ಕ ಕಾವಲಿದ್ದ ಉರಿಕೇಶಿ ನಯವಾಗಿ, ಆ ಹನಿಗಳನ್ನು ನೋಡಬೇಡ, ನಿನ್ನಪ್ಪನನ್ನು ಪೂರ್ತಿ ಮರೆಸಿಬಿಡುತ್ತೇನೆ, ಕಲ್ಲಾಗುವ ಕಾಟವೇ ಇರುವುದಿಲ್ಲ ಎಂದ.

ಮಾಳಿಂಗನಿಗೆ ಆಸೆಯಾಯಿತು. ಆಗದೆ ಇರುತ್ತದೆಯೇ? ಆದರೂ ಅವನು ಮುದುಕಿಯ ಕಾಲ ಬಳಿ ಕೂತ, ತಲೆಯೆತ್ತಿ ನೋಡಿದ. ಒಂದು ಹನಿಯಲ್ಲಿ ಅಪ್ಪ ಇದ್ದ. ಯಾರಿಗೂ ಹೇಳದ ಮಾತು ಆಗ ಹೊರಬಂತು.

"ಅಪ್ಪ, ನೀನು ಹಳ್ಳಕ್ಕೆ ಹೋದ ಬೆಳಿಗ್ಗೆ, ಜೊತೆಗೆ ಬಾ ಅಂತ ಕರೆದಾಗ ನಂಗೆ ಎಚ್ಚರ ಇತ್ತು. ನಿದ್ದೆ ಬಂದವನ ಹಾಗೆ ಮಲಗಿದ್ದೆ."

ಹೇಳುತ್ತಿದ್ದಂತೆ ಅವನ ಕಣ್ಣು ತುಂಬಿ ಹರಿಯಿತು. ಕಣ್ಣೀರು ತಾಗಿ ಸರಪಳಿ ಚೊಯ್ಯೆಂದು ಆರಿತು. ಮಾಗಿ ಎದ್ದು ನಿಂತಳು. ಅವಳ ಒಂದು ಉಸಿರಿಗೆ ಉರಿಕೇಶಿ ಬೂದಿಯಾಗಿ ಹಾರಿಹೋದ. ಮಾಳಿಂಗನ ಪಾದಗಳು ಜುಮ್ಮೆಂದವು. ಮುಳ್ಳೆಲ್ಲ ಒಟ್ಟಿಗೇ ಚುಚ್ಚಿದವು.

ಅವನು ಕುಂಟುತ್ತಾ ಇಳಿದ. ಹಿಂದೆ ಮಾಗಿ ಇಳಿದಳು. ಅವಳ ಕೂದಲು ಹರಡಿದಲ್ಲೆಲ್ಲ ಹೊಲ, ಕೆರೆ, ಕೋಟೆ ಮಂಜಿನಲ್ಲಿ ಮುಳುಗಿದವು. ಎಷ್ಟೋ ವರ್ಷದ ಮೇಲೆ ಜನ ಒಲೆ ಮುಂದೆ ಕೂತರು. ಅರಮನೆಯಲ್ಲಿ ರಾಜ ತನ್ನ ರಾಣಿಯ ಹೆಸರು ಹಿಡಿದು ಅಳುತ್ತಾ ಸಿಂಹಾಸನದಿಂದ ಇಳಿದ.

ಸಿದ್ದವ್ವನಿಗೆ ಮಾತ್ರ ಇನ್ನೂ ಅಳು ಬಂದಿರಲಿಲ್ಲ. ಕಲ್ಲು ಎದೆಯ ಅಂಚಿಗೆ ಬಂದಿತ್ತು. ಮಾಳಿಂಗ ಅವಳ ಪಕ್ಕ ಕೂತು, ಅಪ್ಪನಿಗೆ ಹೇಳಿದ್ದನ್ನೇ ಅವಳಿಗೂ ಹೇಳಿದ. ಅವ್ವ ಬೈಯುತ್ತಾಳೆ ಅಂದುಕೊಂಡಿದ್ದ.

"ನಿಮ್ಮಪ್ಪನಿಗೆ ಗೊತ್ತಿತ್ತು ಕಣೋ ಮಗಾ," ಎಂದಳು. "ಕಳ್ಳ ನಿದ್ದೆ ಮಾಡ್ತಾವ್ನೆ, ಮಲಗ್ಲಿ ಬಿಡು ಅಂತ ನಕ್ಕೊಂಡೇ ಹೋದ."

ಹಾಗೆಂದು ಅವನ ತಲೆಯನ್ನು ಎದೆಗೆ ಒತ್ತಿಕೊಂಡು ಅವಳೂ ಅತ್ತಳು. ಆಮೇಲೆ ಆ ರಾಜ್ಯದವರೆಲ್ಲ ಸುಖವಾಗಿ ಬಾಳಿದರು, ಪ್ರತಿ ಮಾಗಿಯಲ್ಲೂ ಒಲೆ ಮುಂದೆ ಕೂತು ಮನಸಾರೆ ಅಳುತ್ತಾ.