ಅಂದು ಕೂಗದ ಸೆನ್ಸರ್

"ಸರೀರಿ! ಅಲ್ಲಿಂದ ಸರೀರಿ ಅಂದ್ರ ಕೇಳಸೂದಿಲ್ಲೇನು?"

ರುತುಜಾ ಬ್ರೇಕನ್ನು ಪೂರ್ತಿ ಅದುಮಿ ಹಿಡಿದು ಕೂಗಿದಳು. ಬೀಪ್... ಬೀಪ್... ಎಂದು ಬಿಡಿಬಿಡಿಯಾಗಿ ಬರುತ್ತಿದ್ದ ಸದ್ದು ಈಗ ಕಾರಿನೊಳಗೆ ಒಂದೇ ಸಮನೆ ಚೀರುತ್ತಿತ್ತು. ಕನ್ನಡಿಯಲ್ಲಿ ನೋಡಿದರೆ ಆ ಹುಡುಗ ಕೈಕಟ್ಟಿಕೊಂಡು ಕಾರಿನ ಹಿಂದೆ ನಿಂತೇ ಇದ್ದ! ಬಂಪರಿಗೂ ಅವನ ಮೊಣಕಾಲಿಗೂ ನಡುವೆ ಗೇಣಿನಷ್ಟು ಜಾಗವಿತ್ತೋ ಇಲ್ಲವೋ.

ಅವಳು ಬಾಗಿಲು ತೆಗೆದು ಇಳಿದೇಬಿಟ್ಟಳು.

"ನಿಮಗ ಜೀವದ ಮ್ಯಾಲೆ ಆಸೆ ಇಲ್ಲೇನ್ರಿ?"

"ಭಾಳ ಐತ್ರಿ," ಅವನು ನಕ್ಕ. "ಆದ್ರ ಹಿಂದ ಅಡ್ಡ ಇದ್ದದ್ದನ್ನ ಕಂಡು ಸೆನ್ಸರ್ ಒದರಿದ ಮ್ಯಾಲೆ ನೀವು ನಿಂದ್ರಸ್ತೀರಿ ಅನ್ನೂದು ಗೊತ್ತಿತ್ತು. ಮುಖ ನೋಡಿದ್ರ ತಿಳೀತೈತಿ."

ಅದು ಕೊಲ್ಹಾಪುರದ ಒಂದು ಕಾರ್ ಶೋರೂಮಿನ ಹಿಂದಿನ ಅಂಗಳ. ಗಡಹಿಂಗ್ಲಜದ ಮೆಣಸಿನಕಾಯಿ ವ್ಯಾಪಾರಿ ಶಂಕರಲಿಂಗಪ್ಪ ಒಳಗೆ ಪೇಢೆ ತಿನ್ನುತ್ತ ಹೊಸ ಕಾರಿನ ಕಾಗದಪತ್ರಕ್ಕೆ ಸಹಿ ಹಾಕುತ್ತಿದ್ದ. ಮಗಳು ರುತುಜಾಳಿಗೆ ಕಾರಿನ ಗುಂಡಿಗಳನ್ನೆಲ್ಲ ಪರಿಚಯ ಮಾಡಿಕೊಡುವ ಕೆಲಸ ಈ ಸಿದ್ಧಲಿಂಗನದು. ಇಚಲಕರಂಜಿಯವನು. ಕಾರು ಕೊಂಡವರಿಗೆಲ್ಲ ಪಾಠ ಹೇಳಿ ಕಳಿಸುವುದೇ ಅವನ ನೌಕರಿ.

ಅವನು ಪಕ್ಕದ ಸೀಟಿನಲ್ಲಿ ಕೂತು ಮೀಟರಿನ ನಡುವಿನ ಪುಟ್ಟ ಪರದೆ ತೋರಿಸಿದ. "ಇದು ಟ್ರಿಪ್ ಕಂಪ್ಯೂಟರ್ ರೀ. ಎಷ್ಟು ದೂರ ಬಂದ್ರಿ, ಲೀಟರಿಗೆ ಎಷ್ಟು ಕೊಡಾಕತ್ತೈತಿ, ಇದ್ದ ಪೆಟ್ರೋಲಿನಾಗ ಇನ್ನೂ ಎಷ್ಟು ದೂರ ಹೋಗಬಹುದು, ಎಲ್ಲಾ ಹೇಳ್ತೈತಿ. ನಾನಂತೂ ಎಲ್ಲಿಗೆ ಹೊಂಟ್ರೂ ಮೊದಲ ಇದನ್ನ ಸೊನ್ನಿಗೆ ತರತೇನಿ. ಚಟಾ ಅನ್ರಿ ಬೇಕಾದ್ರ."

"ಮನ್ಯಾಗಿನ ಮಂದಿ ಬೈಯೂದಿಲ್ಲೇನು ಈ ಚಟಕ್ಕ?"

"ಮನ್ಯಾಗ ಅವ್ವ ಒಬ್ಬಾಕಿನ ಇರೂದು. ಬೈಯಾಕ ಇನ್ನೊಬ್ಬರು ಬರಬೇಕಾಗೈತಿ."

ರುತುಜಾ ಕೆಂಪಾದಳು. ಪ್ರೀತಿ ಹುಟ್ಟಿದ್ದು ಅಲ್ಲೇ ಎಂದರೆ ಅವಳು ಇವತ್ತಿಗೂ ಒಪ್ಪುವುದಿಲ್ಲ. ಸಿಟ್ಟು ಬಂದಿತ್ತು, ಅಷ್ಟೇ ಎನ್ನುತ್ತಾಳೆ. ಇರಲಿ ಬಿಡಿ! ಆ ಸಿಟ್ಟನ್ನು ತೋರಿಸಲು ವಾರದೊಳಗೆ ತಾನೇ ಫೋನ್ ಮಾಡಿದವಳೂ ಅವಳೇ.

ಒಂದೇ ಸಮಾಜ, ಒಪ್ಪುವ ಮನೆತನ. ಮದುವೆಗೆ ಯಾರೂ ಅಡ್ಡ ಬರಲಿಲ್ಲ. ಶಂಕರಲಿಂಗಪ್ಪ ಅದೇ ಕಾರನ್ನು ಮಗಳಿಗೆ ಉಡುಗೊರೆಯಾಗಿ ಕೊಟ್ಟ. ಇಚಲಕರಂಜಿಯ ಮಗ್ಗಗಳ ಖಟಖಟದಲ್ಲಿ ಮೊದಮೊದಲು ರುತುಜಾಳಿಗೆ ನಿದ್ದೆಯೇ ಬರುತ್ತಿರಲಿಲ್ಲ. ಆಮೇಲೆ ತವರಿಗೆ ಹೋದಾಗ ಆ ಸದ್ದಿಲ್ಲದೆ ನಿದ್ದೆ ಬರದಂತಾಯಿತು. ಗಂಡನ ಮನೆ ತನ್ನದಾಗುವುದು ಹೀಗೇ, ಗೊತ್ತಾಗದ ಹಾಗೆ.

ಮರುವರ್ಷದ ದಸರೆಯ ಹೊತ್ತಿಗೆ ಅವಳಿಗೆ ಮೂರು ತಿಂಗಳು.

ಖಂಡೆನವಮಿಯ ದಿನ ಅತ್ತೆ ಬಾಳಕ್ಕ ಕಾರಿಗೆ ಪೂಜೆ ಮಾಡಿದಳು. ಮುಂದೊಂದು, ಹಿಂದೊಂದು ತೋಳುದಪ್ಪದ ಚೆಂಡುಹೂವಿನ ಮಾಲೆ. "ಇದು ತಾನ ಒಣಗಿ ಉದರೂ ತನಕ ಯಾರೂ ಬಿಚ್ಚಬ್ಯಾಡ್ರಿ. ಬರೂ ಕೂಸಿಗೆ ಒಳ್ಳೇದಾಗಲಿ," ಎಂದು ಸೊಸೆಯ ಕೆನ್ನೆ ಸವರಿ ನೆಟಿಗೆ ಮುರಿದಳು.

ಎರಡು ದಿನ ಬಿಟ್ಟು ರುತುಜಾ ದವಾಖಾನೆಗೆ ಹೊರಟಳು. ಸಿದ್ಧಲಿಂಗ ಕೆಲಸಕ್ಕೆ ಹೋಗಿದ್ದ. "ಅವಾ ಬರಲಿ ತಡಿ, ಗಾಡಿ ಹೊಡೀಬ್ಯಾಡ," ಎಂದಳು ಬಾಳಕ್ಕ. "ಇಲ್ಲೇ ಐತ್ರಿ ಅತ್ತಿ, ಹಿಂಗ ಹೋಗಿ ಹಂಗ ಬರ್ತೇನಿ," ಎಂದು ರುತುಜಾ ಗೇಟಿನಿಂದ ಕಾರನ್ನು ಹಿಂದಕ್ಕೆ ತೆಗೆದಳು.

ಕಾರು ಸದ್ದಿಲ್ಲದೆ ಹಿಂದೆ ಸರಿಯಿತು. ಹಿಂದೆ ಏನೂ ಇಲ್ಲವೆಂದುಕೊಂಡಳು.

ಧಡ್!

ಓಣಿಯ ಲೈಟ್ ಕಂಬ. ದೊಡ್ಡ ಪೆಟ್ಟೇನಲ್ಲ, ಒಂದು ಕುಲುಕಾಟ ಅಷ್ಟೇ. ಆದರೆ ಅದೇ ವಾರ ಅವಳ ಹೊಟ್ಟೆಯಲ್ಲಿದ್ದ ಜೀವ ಉಳಿಯಲಿಲ್ಲ.

"ಆ ಕುಲುಕಾಟಕ್ಕೂ ಇದಕ್ಕೂ ಸಂಬಂಧ ಇಲ್ಲಮ್ಮ. ಕೂಸಿನ ಬೆಳವಣಿಗಿ ಮೊದಲಿಂದಾನ ಸರಿ ಇರಲಿಲ್ಲ," ಎಂದು ಡಾಕ್ಟರಮ್ಮ ಬಿಡಿಸಿ ಹೇಳಿದರು. ಓಣಿಯವರು ಕೇಳಬೇಕಲ್ಲ! ಮಾತಾಡಿಸಲು ಬಂದ ಹೆಂಗಸರ ಮುಂದೆ ಬಾಳಕ್ಕ ಕಣ್ಣೊರೆಸುತ್ತ, "ಹೊಡೀಬ್ಯಾಡ ಅಂದಿದ್ದೆ... ನನ್ನ ಮಾತು ಕೇಳಲಿಲ್ಲ," ಎಂದಳು.

ಅತ್ತೆಯ ಮಾತನ್ನು ರುತುಜಾ ಸಹಿಸಿಕೊಂಡಳು. ಅವಳಿಗೆ ಸಹಿಸಲಾಗದ್ದು ಸಿದ್ಧಲಿಂಗನ ಮೌನ. ಅವನು ಬಾಗಿಲಲ್ಲೇ ನಿಂತಿದ್ದ. ಆ ಮಾತನ್ನು ಕೇಳಿಸಿಕೊಂಡ. ತಲೆ ತಗ್ಗಿಸಿ ಹೊರಗೆ ನಡೆದುಬಿಟ್ಟ!

'ಒಂದು ಮಾತು... ಇಕಿದೇನೂ ತಪ್ಪಿಲ್ಲವ್ವಾ ಅಂತ ಒಂದೇ ಒಂದು ಮಾತು ಅನಬಾರದಿತ್ತೇನು?'

ಅಂದಿನಿಂದ ಅವನು ಅವಳ ಕಣ್ಣಲ್ಲಿ ಕಣ್ಣಿಟ್ಟು ನೋಡಲಿಲ್ಲ. ಔಷಧಿ ತಂದು ಮಂಚದ ಪಕ್ಕ ಇಡುತ್ತಿದ್ದ, ಹೋಗುತ್ತಿದ್ದ. ಶಂಕರಲಿಂಗಪ್ಪ ಬಂದು "ನಾಕು ದಿನ ತವರಾಗ ಇದ್ದು ಬರಲಿ" ಎಂದಾಗಲೂ ತಲೆಯಾಡಿಸಿದ, ಅಷ್ಟೇ.

ನಾಲ್ಕು ದಿನ ತಿಂಗಳಾಯಿತು. ಕರೆಯಲು ಅವನು ಬರಲಿಲ್ಲ. ಗಂಡ ಬಂದು ಕರೆಯದೆ ಹೆಣ್ಣು ತಾನಾಗಿ ಹೋಗುವುದು ಹೇಗೆ? ರುತುಜಾ ದಿನವೂ ಹೊರಬಾಗಿಲ ಕಡೆ ಕಿವಿಯಿಟ್ಟು ಕೂತಳು.

ಕೊನೆಗೊಂದು ಸಂಜೆ ಮನೆಯ ಮುಂದೆ ಅದೇ ಕಾರಿನ ಹಾರ್ನ್! ಅವಳು ಬರಿಗಾಲಲ್ಲಿ ಓಡಿದಳು.

ಇಳಿದವನು ಸಿದ್ಧಲಿಂಗನಲ್ಲ, ಅವನ ಗೆಳೆಯ ಕೇತನ. ಕೀಲಿ ಮುಂದೆ ಹಿಡಿದು, "ವೈನಿ, ಸಿದ್ದು ಕಳಿಸ್ಯಾನ. ಗಾಡಿ ನಿಮ್ಮದು, ನಿಮ್ಮ ಕಡೇನ ಇರಲಿ ಅಂದ," ಎಂದ. ಇಚಲಕರಂಜಿಯಿಂದ ಸೀದಾ ಬಂದೆನೆಂದ, ನೀರೂ ಕುಡಿಯದೆ ಹೋದ.

ಶಂಕರಲಿಂಗಪ್ಪ ಕಟ್ಟೆಯ ಮೇಲೆ ಕುಸಿದು ಕೂತ. ತವರಿನಿಂದ ಕೊಟ್ಟ ವಸ್ತು ತವರಿಗೇ ತಿರುಗಿ ಬಂತೆಂದರೆ ಆ ಸೀಮೆಯಲ್ಲಿ ಅದಕ್ಕೆ ಒಂದೇ ಅರ್ಥ. ಯಾರೂ ಬಾಯಿಬಿಟ್ಟು ಹೇಳಬೇಕಾಗಿಲ್ಲ.

"ಕಾಡಿಮೋಡ ಮಾಡಿದಾ ಮಗಳ... ಸಂಬಂಧ ಹರಕೊಂಡಾ," ಎಂದ ಅವನು.

ರುತುಜಾ ಅಳಲಿಲ್ಲ. ಕಾರಿಗೆ ತಾಡಪತ್ರಿ ಹೊದಿಸಿ ಒಳಗೆ ಹೋದಳು. ಅಳು ಬಂದದ್ದು ಆಮೇಲೆ, ತಲೆಗೆ ಎಣ್ಣೆ ಹಚ್ಚುತ್ತಿದ್ದ ಅವ್ವ ಸುಮ್ಮನೆ ಅವಳ ಬೆನ್ನು ಸವರಿದಾಗ. ಹಾಗೆ ಅತ್ತ ಹುಡುಗಿಯನ್ನು ನೋಡಿದರೆ ಕಲ್ಲೂ ಕರಗಬೇಕು!

ಸಂಕ್ರಾಂತಿ ಕಳೆಯಿತು. ಶಂಕರಲಿಂಗಪ್ಪ ವಾರಕ್ಕೊಮ್ಮೆ ತಾಡಪತ್ರಿ ಸರಿಸಿ, ಬ್ಯಾಟರಿ ಸಾಯದಿರಲೆಂದು ಕಾರನ್ನು ನಿಂತಲ್ಲೇ ಚಾಲೂ ಮಾಡಿ ಬಿಡುತ್ತಿದ್ದ. ರುತುಜಾ ಆ ಕಡೆ ತಿರುಗಿಯೂ ನೋಡಲಿಲ್ಲ. ಕಡೆಗೆ ಹಿರಿಯರು ಮಾತಾಡಿದರು. ಕೊಲ್ಹಾಪುರದ ವಕೀಲರ ಬಳಿ ಇಬ್ಬರೂ ಬಂದು ವಿಚ್ಛೇದನದ ಕಾಗದಕ್ಕೆ ಸಹಿ ಮಾಡಿಬಿಡಲಿ ಎಂದಾಯಿತು.

ಆ ಬೆಳಿಗ್ಗೆ ರುತುಜಾ ಕೀಲಿ ತೆಗೆದುಕೊಂಡಳು. "ನಾ ಒಬ್ಬಾಕಿನ ಹೋಗ್ತೇನಿ ಅಪ್ಪಾ. ನೀವು ಹಿಂದಿನಿಂದ ಬಸ್ಸಿಗೆ ಬರ್ರಿ. ಈ ಗಾಡಿಗೆ ಹೆದರಕೋತ ಜೀವನಾ ಮಾಡಾಕ ಆಗೂದಿಲ್ಲ."

ಎದೆ ಗಟ್ಟಿ ಮಾಡಿಕೊಂಡು ರಿವರ್ಸ್ ಹಾಕಿದಳು.

ಬೀಪ್... ಬೀಪ್... ಬೀಪ್ ಬೀಪ್ ಬೀಪ್!

ಬೆಚ್ಚಿ ಬ್ರೇಕ್ ಒತ್ತಿದಳು. ಹಿಂದೆ ಮೆಣಸಿನಕಾಯಿ ಚೀಲಗಳಿದ್ದವು.

'ಅವತ್ತ ಇದು ಒದರಲಿಲ್ಲ!'

ಇಷ್ಟು ದಿನ ಯಾಕೆ ಹೊಳೆಯಲಿಲ್ಲ ಇದು? ಕಂಬಕ್ಕೆ ಬಡಿಯುವ ತನಕ ಕಾರು ತುಟಿ ಬಿಚ್ಚಿರಲಿಲ್ಲ. ಹಿಂದೆ ಆ ಮಾಲೆ ಇತ್ತು... ಸೆನ್ಸರುಗಳ ಮೇಲೇ ಜೋತುಬಿದ್ದಿತ್ತು. ಹಾಗಿದ್ದರೆ ರಿವರ್ಸ್ ಹಾಕಿದಾಗಲೆಲ್ಲ ಬಾಯಿ ಮುಚ್ಚದೆ ಚೀರಬೇಕಿತ್ತಲ್ಲ! ಯಾರೋ ಅದನ್ನು ಬಂದ್ ಮಾಡಿದ್ದರು. ಆ ಮನೆಯಲ್ಲಿ ಅವಳನ್ನು ಬಿಟ್ಟರೆ ಆ ಗುಂಡಿ ಗೊತ್ತಿದ್ದವನು ಅವನೊಬ್ಬನೇ.

ಅವಳು ಪರದೆಯತ್ತ ನೋಡಿದಳು. ಟ್ರಿಪ್ ಅಂಕಿ ಕಂಡಿತು. ಎಲ್ಲಿಗೆ ಹೊರಟರೂ ಅದನ್ನು ಸೊನ್ನೆಗೆ ತರುವವನು ಅವನು. ಕಾರನ್ನು ಇಲ್ಲಿಗೆ ಕಳಿಸುವಾಗಲೂ ಸೊನ್ನೆ ಮಾಡಿರಲೇಬೇಕು. ಆದರೆ ಅಲ್ಲಿದ್ದ ಅಂಕಿ ಇಚಲಕರಂಜಿಯಿಂದ ಗಡಹಿಂಗ್ಲಜದ ದಾರಿಗಿಂತ ಮೂರು ಪಟ್ಟು ಹೆಚ್ಚಿತ್ತು!

ಅವಳು ಕೇತನನಿಗೆ ಫೋನ್ ಹಚ್ಚಿದಳು.

"ಖರೆ ಹೇಳ್ರಿ. ಅವತ್ತ ಈ ಗಾಡಿ ಎಲ್ಲೆಲ್ಲಿ ಹೋಗಿತ್ತು?"

"ವೈನಿ... ಹೇಳಬ್ಯಾಡ ಅಂತ ಆಣಿ ಹಾಕಿದ್ದಾ. ಗಾಡಿ ಅವನ ಹೊಡಕೊಂಡು ಬಂದಿದ್ದ. ನಾ ಬಾಜೂಕ ಕುಂತಿದ್ದೆ. ನಿಮ್ಮ ಓಣಿ ತುದಿಗೆ ಬರಾಂವ, ತಿರುಗಸಾಂವ. ಒಮ್ಮೆ ಉತ್ತೂರ ತನಕ ಹೋದಾ, ಇನ್ನೊಮ್ಮೆ ಕೋವಾಡಕ್ಕ. ದಿನಾ ಪೂರ್ತಿ ಹಿಂಗ. 'ಯಾವ ಮುಖಾ ತಗೊಂಡು ಹೋಗಲಿ' ಅನ್ನಾಂವ. ಕಡೀಕೆ ನನ್ನ ಕೈಯಾಗ ಕೀಲಿ ಕೊಟ್ಟು ಬಸ್ ಸ್ಟ್ಯಾಂಡಿಗೆ ನಡಕೋತ ಹ್ವಾದಾ."

ಸಂಕೇಶ್ವರ, ನಿಪ್ಪಾಣಿ, ಕಾಗಲ... ದಾರಿ ಸರಿದದ್ದೇ ಅವಳಿಗೆ ತಿಳಿಯಲಿಲ್ಲ. ಸಿಟ್ಟು ಬರುತ್ತಿತ್ತು, ಕಣ್ಣೀರು ಬರುತ್ತಿತ್ತು, ಎರಡರಲ್ಲಿ ಯಾವುದು ಮುಂದೆ ಯಾವುದು ಹಿಂದೆ ಎಂಬುದೂ ಗೊತ್ತಾಗುತ್ತಿರಲಿಲ್ಲ. ವಕೀಲರ ಮನೆಯ ತಿರುವು ಬಂತು. ಅವಳು ತಿರುಗದೆ ನೇರ ಶೋರೂಮಿಗೆ ಬಂದಳು.

ಸಿದ್ಧಲಿಂಗ ಆಗಲೇ ವಕೀಲರಲ್ಲಿಗೆ ಹೊರಟು ಗೇಟಿನ ಬಳಿ ನಿಂತಿದ್ದ. ಬಡವಾಗಿದ್ದ. ಗಡ್ಡ ಬೆಳೆದಿತ್ತು. ಆ ಕಾರನ್ನು, ಒಳಗೆ ಕೂತವಳನ್ನು ಕಂಡು ಕಂಬದಂತೆ ನಿಂತುಬಿಟ್ಟ.

ಅವಳು ಪಕ್ಕದ ಬಾಗಿಲು ತೆಗೆದಳು. "ಕುಂದ್ರಿ."

ಅವನು ಕೂತ.

"ಸೆನ್ಸರ್ ನೀವ ಬಂದ್ ಮಾಡಿದ್ರಿ. ಹೌದಲ್ಲೋ?"

ಅವನ ಮುಖ ಬಿಳಚಿತು. "ಮಾಲಿ ತಾಗಿ ಒಂದ ಸವನ ಒದರಾಕತ್ತಿತ್ತು. ಅವ್ವ ಬಿಚ್ಚಬ್ಯಾಡ ಅಂದಿದ್ಲು. ಬಂದ್ ಮಾಡಿದೆ... ನಿನಗ ಹೇಳೂದು ಮರತೆ. ಊರ ಮಂದಿಗೆಲ್ಲಾ ಇದನ್ನ ಬಂದ್ ಮಾಡಬ್ಯಾಡ್ರಿ ಅಂತ ಪಾಠಾ ಹೇಳಾಂವ ನಾನು, ರುತು! ನನ್ನ ಕೂಸಿನ್ನ ನಾನ..."

"ಡಾಕ್ಟರು ಅದರಿಂದ ಅಲ್ಲ ಅಂದಾರ."

"ನನ್ನ ಮನಸ್ಸು ಒಪ್ಪಲಿಲ್ಲ."

"ಮತ್ತ ನನ್ನ ಮನಸ್ಸು?" ಅವಳು ಸಿಡಿದಳು. "ಅದು ಒಪ್ಪಿತ್ತೇನು? ಓಣಿ ಮಂದಿ ಎಲ್ಲಾ ನನಗ ಬೊಟ್ಟು ಮಾಡಿದಾಗ ನೀವು ಬಾಗಲಾಗ ನಿಂತಿದ್ರಿ! ನೀವು ಗುಂಡಿ ಒತ್ತಿದ್ದಕ್ಕ ನನಗ ಸಿಟ್ಟಿಲ್ಲರಿ. ಮರವು ಯಾರಿಗಿಲ್ಲ? ಆದ್ರ ಇಷ್ಟು ತಿಂಗಳು ನನ್ನ ಕೈಯಿಂದಾನ ಕೂಸು ಹೋತು ಅಂತ ದಿನಾ ಸತ್ತೇನಿ. ಒಬ್ಬಾಕಿನ! ಅದಕ್ಕ ಹ್ಯಾಂಗ ಬಿಟ್ರಿ ನನ್ನ?"

"ಖರೆ ಹೇಳಿದ್ರ ನೀ ನನ್ನ ಬಿಟ್ಟು ಹೋಗ್ತಿ ಅಂತ ಹೆದರಿದೆ."

"ನೀವು ಹೇಳಲಾರದ್ದಕ್ಕ ನಾ ಹೋದೆ."

ರುತುಜಾ ಅಷ್ಟಕ್ಕೇ ಬಿಡಲಿಲ್ಲ.

"ಗಾಡಿ ಯಾಕ ಕಳಿಸಿದ್ರಿ? ಕಾಡಿಮೋಡ ಅನಕೊಂಡ್ರು ಎಲ್ಲಾರೂ. ನಾನೂ ಹಂಗ ಅನಕೊಂಡೆ."

"ಕಾಡಿಮೋಡ?" ಅವನು ಗಾಬರಿಯಾಗಿ ಅವಳತ್ತ ತಿರುಗಿದ. "ನೀ ಮತ್ತ ಧೈರ್ಯದಿಂದ ಗಾಡಿ ಹೊಡೀಬೇಕು, ನನ್ನ ತಪ್ಪಿಗೆ ನಿನ್ನ ಕೈ ನಿಂದ್ರಬಾರದು ಅಂತ ಸೆನ್ಸರ್ ಚಾಲೂ ಮಾಡಿ ತಂದಿದ್ದೆ. ಆಮ್ಯಾಲೆ ನಿಮ್ಮಪ್ಪ ವಕೀಲರ ಮಾತು ಎತ್ತಿದ್ರು. ನಿನಗ ನಾ ಬ್ಯಾಡಾದೆ, ಅದ ಬರೋಬ್ಬರಿ ಅನಕೊಂಡೆ."

ಎಂಥ ಹುಚ್ಚರು ನೋಡಿ! ಒಬ್ಬರಿಗೊಬ್ಬರು ಜೀವ ಕೊಡಬಲ್ಲವರು, ಒಂದು ಮಾತು ಕೊಡಲಾರದೆ ಹೋದರು.

ರುತುಜಾ ಕಣ್ಣೊರೆಸಿಕೊಂಡಳು. "ನಾ ಮನೀಗೆ ಬರಬೇಕಾದ್ರ ಅತ್ತಿಯವರಿಗೆ ಇದನ್ನ ನೀವ ಹೇಳಬೇಕು. ಈಗ. ನನ್ನ ಮುಂದ."

ಅವನು ಮರುಮಾತಾಡದೆ ಫೋನ್ ಹಚ್ಚಿ, ಅವಳಿಗೂ ಕೇಳುವಂತೆ ಹಿಡಿದ. ತಡವರಿಸುತ್ತ, ಒಂದನ್ನೂ ಮುಚ್ಚಿಡದೆ ಹೇಳಿದ. ಆ ಕಡೆ ಮಗ್ಗಗಳ ಸದ್ದು. ಅದರ ನಡುವೆ ಬಾಳಕ್ಕನ ಒಡೆದ ದನಿ.

"ಮಾಲಿ ಬಿಚ್ಚಬ್ಯಾಡ ಅಂದಾಕಿ ನಾನಪಾ... ಆ ಹುಡಿಗಿಗೆ ಎಂಥಾ ಮಾತು ಆಡಿದೆನೋ! ರುತುಜಾ, ಯವ್ವಾ, ಕೇಳಾಕತ್ತೀಯೇನು? ಮಂದಿ ಮುಂದ ಆಡಿದ ಮಾತನ್ನ ಮಂದಿ ಮುಂದ ತಿರುಗಿ ತಗೋತೇನಿ. ಮನೀಗೆ ಬಾ ನನ್ನವ್ವ."

"ಬರ್ತೇನ್ರಿ ಅತ್ತಿ," ಎಂದಳು ರುತುಜಾ.

ಹೊರಗೆ ಯಾರೋ ಹೊಸ ಕಾರಿಗೆ ತೆಂಗಿನಕಾಯಿ ಒಡೆಯುತ್ತಿದ್ದರು. ಅವಳು ಅಪ್ಪನಿಗೆ ಫೋನ್ ಮಾಡಿ ವಕೀಲರ ಮನೆಗೆ ಹೋಗಬೇಡಿ ಎಂದು ತಿಳಿಸಿದಳು. ಆಮೇಲೆ ಅವನತ್ತ ತಿರುಗಿದಳು.

"ಒಂದು ಕೇಳಲೇನ್ರಿ?"

"ಕೇಳು."

"ನಮ್ಮ ಕೂಸು ಹೋದಾಗ... ನೀವು ಅತ್ರೇನು?"

ಅವನು ಇಲ್ಲವೆಂದು ತಲೆಯಾಡಿಸಿದ. "ಅಳಾಕ ನನಗೇನು ಹಕ್ಕೈತಿ ಅನಸ್ತಿತ್ತು."

ಅವಳು ಅವನ ತಲೆಯನ್ನು ತನ್ನ ಹೆಗಲಿಗೆ ಒತ್ತಿಕೊಂಡಳು.

"ನೀವು ಅದರ ಅಪ್ಪ ಅದೀರಿ," ಎಂದಳು. "ಅಳ್ರಿ. ನಾ ಎಲ್ಲೂ ಹೋಗೂದಿಲ್ಲ."