ಊಟ ಆದ ಮೇಲೆ

"ನಿದ್ದೆ ಮಾತ್ರೆ ಕೊಡ್ರಿ."

ಎಂಬತ್ತಮೂರನೇ ಇಸವಿಯ ಬೇಸಿಗೆ. ಜಗಳೂರಿನ ಆಸ್ಪತ್ರೆಯೊಂದರ ಔಷಧಿ ಕಿಟಕಿಗೆ ಸುಂಕಲಮ್ಮ ಚೀಟಿ ಚಾಚಿದ್ದಳು. ಹೊಸ ಕಾಂಪೌಂಡರ್ ನಾಗೇಂದ್ರಪ್ಪ ಅವಳ ಕೆಂಪು ಕಣ್ಣುಗಳನ್ನೇ ನೋಡಿದ.

"ಡಾಕ್ಟರ್ ಬರೆದಿಲ್ಲ. ಕೊಡಾಕಾಗಲ್ಲ."

"ಸಾಯಾಕೆ ಕೇಳ್ತಿಲ್ಲ ಕಣ್ರೀ. ಮಲಗಾಕೆ ಕೇಳ್ತಿದೀನಿ."

ಸಾಲಿನಲ್ಲಿದ್ದವರು ನಕ್ಕರು. ಅವನು ನಗಲಿಲ್ಲ, ಕೊಡಲೂ ಇಲ್ಲ. ಚೀಟಿ ಅಲ್ಲೇ ಬಿಟ್ಟು ಅವಳು ನಡೆದಳು.

ಕೇರಿಯವಳು ಅಂತ ಇಷ್ಟು ಸದರ... ಅಂದುಕೊಂಡಳು.

ಎರಡು ವರ್ಷದಿಂದ ಕರುಳಿನ ಹುಣ್ಣು. ದೊಡ್ಡ ಡಾಕ್ಟರ ಮಾತ್ರೆಯಿಂದ ರಕ್ತ ಹೋಗುವುದು ನಿಂತಿತ್ತು, ಜೊತೆಗೆ ನಿದ್ದೆಯೂ ಹೋಗಿತ್ತು. ಶೇಂಗಾ ಮಿಲ್ಲಿನಲ್ಲಿ ತೂಕಡಿಸಿ ಎರಡು ಸಲ ಯಂತ್ರಕ್ಕೆ ಕೈ ಕೊಡುವುದರಲ್ಲಿದ್ದಳು; ಪಕ್ಕದವರು ಎಳೆದುಕೊಂಡಿದ್ದರು. ಮೂರನೇ ಸಲ ಯಾರು ಎಳೆಯುತ್ತಾರೆ?

ಮರುದಿನ ಅವಳ ಗುಡಿಸಲ ಮುಂದೆ ಅವನ ಸೈಕಲ್ ನಿಂತಿತು.

"ಚೀಟಿ ತೋರಿಸಿ ಡಾಕ್ಟರ್ನ ಕೇಳಿದೆ. ಈ ಮಾತ್ರೆ ಯಾವಾಗ ನುಂಗ್ತೀರಿ?"

"ಊಟ ಆದ ಮೇಲೆ ಅಂತ ಬರೆದೈತಲ್ಲ. ರಾತ್ರಿ."

"ಬೆಳಗ್ಗೆ?"

"ಬೆಳಗ್ಗೆ ನಾವೇನು ಉಣ್ತೀವಿ? ಚಾ ಕುಡಿದು ಮಿಲ್ಲಿಗೆ ಓಡೋದು."

ಅವನು ಚೀಟಿಯನ್ನು ಮತ್ತೊಮ್ಮೆ ಓದಿದ. ಅದು ಬೆಳಗಿನ ಮಾತ್ರೆ. ರಾತ್ರಿ ನುಂಗಿದರೆ ಕಣ್ಣು ಮುಚ್ಚಗೊಡದು. ದಿನಕ್ಕೊಂದೇ ಸಲ ಹೊಟ್ಟೆ ತುಂಬುವ ಮನೆಗಳೂ ಇವೆಯೆಂದು ಚೀಟಿ ಬರೆದವರಿಗೆ ತೋಚಿರಲಿಲ್ಲ!

"ಹೊತ್ತಾರೆ ಒಂದಿಷ್ಟು ಮೆತ್ತನೆ ಅನ್ನ ತಿಂದು ನುಂಗ್ರಿ. ಡಾಕ್ಟರೇ ಹೇಳ್ಯಾರೆ."

"ಮಾತ್ರೆ ಒಂದೇ ಅಲ್ರಿ..." ಅವಳು ತಲೆ ತಗ್ಗಿಸಿದಳು. "ಹೊಟ್ಟೆ ಕೆಟ್ರೆ ಕತ್ತಲಾಗೆ ಬಯಲಿಗೆ ಓಡಬೇಕು. ಆ ಹೆದರಿಕೆಗೆ ಎದ್ದೇ ಇರ್ತೀನಿ."

ಅವನು ಒಂದು ಮಾತೂ ಆಡದೆ ಸೈಕಲ್ ಹತ್ತಿ ಹೋದ.

ಅವನಿಗೆ ಅಸಹ್ಯವಾಯಿತೇನೋ... ಹೇಳಬಾರದಿತ್ತು.

ಭಾನುವಾರ ಅವನು ಗುದ್ದಲಿ ಹಿಡಿದು ಬಂದ. ಗುಡಿಸಲ ಹಿಂದೆ ಕಕ್ಕಸಿಗೆ ಗುಂಡಿ ತೋಡತೊಡಗಿದ.

"ಮೈಲಿಗೆ ಆಗಲ್ವೇನ್ರೀ?" ಅವಳು ಚುಚ್ಚಿದಳು.

"ನಾನೂ ತ್ಯಾವಣಿಗೆ ಊರಿನ ಕೇರಿಯವನೇ. ನಮ್ಮವ್ವನ್ನ ಬಯಲಲ್ಲೇ ಹಾವು ಕಡೀತು. ಅವತ್ತು ಅದಕ್ಕೇ ಮಾತು ಬರಲಿಲ್ಲ." ಗುದ್ದಲಿ ನಿಂತಿತು. "ನಿಮ್ಮನ್ನ ಒಂದು ಮಾತು ಕೇಳೋದೈತೆ. ಇದು ಮುಗೀಲಿ."

ನಾಲ್ಕು ಭಾನುವಾರಕ್ಕೆ ಗೋಡೆ ಎದ್ದು ಬಾಗಿಲೂ ಬಂತು. ಐದನೆಯದಕ್ಕೆ ಅವಳ ತಾಯಿ ಕರಿಬಸಮ್ಮ ಅವನನ್ನು ಹೊರಗೇ ತಡೆದಳು.

"ಇನ್ನೂ ಎದ್ದಿಲ್ಲಪ್ಪ. ಎಬ್ಬಿಸಲಾ?"

"ಬ್ಯಾಡ್ರಿ."

ಬಿಸಿಲು ಹೊಸ್ತಿಲಿಗೆ ಬಂದಾಗ ಸುಂಕಲಮ್ಮ ಕೆದರಿದ ಕೂದಲಲ್ಲೇ ಹೊರಬಂದಳು.

"ಬಂದು ಎಷ್ಟೊತ್ತಾತು?"

"ಎರಡು ತಾಸು."

"ಎಬ್ಬಿಸಬಾರ್ದಾ?"

"ಅವತ್ತು ಕಿಟಕೀಲಿ ನಿದ್ದೆ ಕೊಡಲಿಲ್ಲ. ಇವತ್ತು ಕೆಡಿಸಲಾ?"

ಅವಳು ನಕ್ಕಳು. ಒಳಗೆ ಹೋಗಿ ಎರಡು ತಟ್ಟೆ ಇಟ್ಟಳು.

"ಏನೋ ಕೇಳೋದೈತೆ ಅಂದಿದ್ರಿ. ಊಟ ಆದ ಮೇಲೆ ಕೇಳ್ರಿ. ಹೊತ್ತಾರೆ ಅವ್ವ ಉಣ್ಣಲ್ಲ, ಒಬ್ಳೇ ಉಣ್ಣಾಕೆ ಬ್ಯಾಸರ."

"ಹಂಗಾದ್ರೆ ದಿನಾ ಬರಲಾ?"

"ದಿನಾ ಬರೋದ್ಯಾಕೆ..." ಅವಳು ಅನ್ನ ಬಡಿಸುತ್ತಾ ಅಂದಳು, "ಇಲ್ಲೇ ಇರ್ರಿ."