ನಿಷಿದ್ಧ ಪದಗಳ ಡಂಗುರ

ಹೊನ್ನವತ್ತಿಯ ರಾಜಬೀದಿಯಲ್ಲಿ ಆ ಮುಂಜಾನೆ ಕಾಲಿಡಲು ತೆರಪಿರಲಿಲ್ಲ. ಹೂವಾಡಗಿತ್ತಿಯರ ಕೂಗಿನೊಡನೆ ಪಟ್ಟದಾನೆಯ ಗಂಟೆಯ ನಾದ ಬೆರೆತು ಹರಿಯುತ್ತಿತ್ತು. ಸುಣ್ಣ ಬಳಿದ ಕೋಟೆ ಎಳೆಬಿಸಿಲಿಗೆ ಶಂಖದಂತೆ ಹೊಳೆಯುತ್ತಿತ್ತು. ಆದರೆ ಕೋಟೆಯ ಸುತ್ತಲಿನ ಕಂದಕದಲ್ಲಿ ಹನಿ ನೀರಿರಲಿಲ್ಲ. ಬಿರಿದ ಕೆಸರಿನ ನಡುವೆ ಅಗಸರ ಕತ್ತೆಗಳು ನಿಶ್ಚಿಂತೆಯಿಂದ ಮೇಯುತ್ತಿದ್ದವು.

ಅದನ್ನು ಬತ್ತಿಸಿದವನು ಪಟ್ಟದರಸಿಯ ತಮ್ಮ, ದಂಡನಾಯಕ ಬೊಪ್ಪರಸ. ಕಪ್ಪೆಗಳ ವಟಗುಟ್ಟುವಿಕೆಯಿಂದ ತನಗೆ ನಿದ್ರಾಭಂಗವಾಗುತ್ತದೆಂದು ಕಂದಕಕ್ಕೆ ನೀರುಣಿಸುವ ಕೆರೆಯ ತೂಬನ್ನು ಮುಚ್ಚಿಸಿ, ಕಂದಕದಲ್ಲಿದ್ದ ನೀರನ್ನು ಹೊರಗೆ ಹರಿಸಿಬಿಟ್ಟಿದ್ದ. ಅಂದಿನಿಂದ ಕಾಲಾಳುಗಳ ಬಾಯಲ್ಲಿ ಬೊಪ್ಪರಸ ಬೆಪ್ಪರಸನಾದ. ಆ ಹೆಸರು ಪಾಳೆಯದಿಂದ ಸಂತೆಗೆ, ಸಂತೆಯಿಂದ ಅಂತಃಪುರದ ದಾಸಿಯರವರೆಗೆ ಹಬ್ಬಿತು.

ಸಂಧಿ-ಯುದ್ಧಗಳ ಮಂತ್ರಿಯಾದ ಸಂಧಿವಿಗ್ರಹಿ ಬಾಚರಸರಿಗೆ ನಗಲು ಮನಸ್ಸಿರಲಿಲ್ಲ. ನೆರೆಯ ಮಾಂಡಲಿಕನ ದಂಡು ಹೊಳೆ ದಾಟಿತೆಂದು ಚರರು ಸುದ್ದಿ ತಂದಿದ್ದರು. ಅರಸ ಕೇತಭೂಪಾಲರು ಜ್ವರದಿಂದ ಹಾಸಿಗೆ ಹಿಡಿದಿದ್ದರು. ಅವರ ಬಾಗಿಲಲ್ಲಿ ಬೊಪ್ಪರಸನ ಕಾವಲು. ವೃದ್ಧ ಮಂತ್ರಿ ಹೋದಾಗಲೆಲ್ಲ ಪ್ರಭುಗಳಿಗೆ ವಿಶ್ರಾಂತಿ ಬೇಕೆಂಬ ಉತ್ತರವೇ ಸಿಕ್ಕಿತು.

ಹೀಗಿರಲು ಬೊಪ್ಪರಸ ಬಾಚರಸರನ್ನು ಕರೆಸಿ, ಅಧಿಕಾರಿಗಳನ್ನು ಹೀಯಾಳಿಸುವವರ ನಾಲಗೆ ಕೊಯ್ಯಲಾಗುವುದೆಂದು ಡಂಗುರ ಸಾರಿಸಲು ಆಜ್ಞಾಪಿಸಿದ.

"ಯಾವ ಮಾತು ಆಡಬಾರದೆಂದು ತಿಳಿಸದೆ ಹೋದರೆ ಪ್ರಜೆಗಳು ಅರಿಯುವುದು ಹೇಗೆ, ದಂಡನಾಯಕರೇ?" ಎಂದು ಬಾಚರಸರು ವಿನಯದಿಂದಲೇ ಕೇಳಿದರು.

ಅದೂ ನಿಜವೆನಿಸಿತು ಬೊಪ್ಪರಸನಿಗೆ. ತನ್ನ ಕಿವಿಗೆ ಬಿದ್ದ ಬೈಗುಳಗಳನ್ನೆಲ್ಲ ಒಂದೂ ಬಿಡದೆ ಹೇಳಿದ.

ಮಂತ್ರಿಪದವಿಯಲ್ಲಿರುವವನನ್ನು ಅರಸನ ಎದುರಿನಲ್ಲಲ್ಲದೆ ದಂಡಿಸುವಂತಿಲ್ಲವೆಂಬುದು ಆ ರಾಜ್ಯದ ಹಳೆಯ ಕಟ್ಟಳೆ. ಬಾಚರಸರು ಅದನ್ನೇ ನೆನೆಯುತ್ತ ಆನೆಬಾಗಿಲಿಗೆ ನಡೆದರು. ಡಂಗುರದವನನ್ನು ಬದಿಗೆ ಸರಿಸಿ, ಕಟ್ಟೆಯೇರಿ, ಕಂಚಿನ ಕಂಠದಲ್ಲಿ ತಾವೇ ಸಾರಿದರು:

"ಕೇಳಿರಿ ಮಹಾಜನರೇ! ನಮ್ಮ ದಂಡನಾಯಕರನ್ನು ಇನ್ನು ಯಾರೂ ಬೆಪ್ಪುತಕ್ಕಡಿ ಎನ್ನಕೂಡದು. ಎಬಡನೆನ್ನಕೂಡದು, ಮಂಕುದಿಣ್ಣೆಯೆನ್ನಕೂಡದು. ಗುಗ್ಗು, ಕೋಡಂಗಿ, ದಡ್ಡಶಿಖಾಮಣಿ ಎಂಬಿವೂ ನಿಷಿದ್ಧ. ಕಪ್ಪೆಗೆ ಹೆದರಿ ಕೋಟೆಯನ್ನು ಬೆತ್ತಲೆ ಮಾಡಿದವನೆಂದಂತೂ ಸರ್ವಥಾ ಅನ್ನಕೂಡದು!"

ಮೊದಲು ನಕ್ಕವಳು ಒಬ್ಬ ಮುದುಕಿ. ಮರುಕ್ಷಣ ರಾಜಬೀದಿಯೇ ನಕ್ಕಿತು. ಗೋಡೆಯ ಮೇಲಿನ ಬಿಲ್ಲಾಳುಗಳು ಬಿಲ್ಲೂರಿಕೊಂಡು ನಕ್ಕರು. ನಗು ಅಡಗುವ ಮೊದಲೇ ಬೊಪ್ಪರಸನ ಭಟರು ಮಂತ್ರಿಯ ಕೈಗೆ ಸಂಕೋಲೆ ತೊಡಿಸಿದರು.

ಕಟ್ಟಳೆಯನ್ನು ಮೀರುವ ಧೈರ್ಯ ಬೊಪ್ಪರಸನಿಗೂ ಇರಲಿಲ್ಲ. ಅರಸನ ಮಂಚದೆದುರು ಆಪಾದನೆ ಹೇಳುತ್ತ, ರೋಷದಲ್ಲಿ ಕಪ್ಪೆ, ಕಂದಕಗಳ ಮಾತನ್ನೂ ತಾನೇ ಆಡಿಬಿಟ್ಟ. ಕೇತಭೂಪಾಲರು ದಿಂಬಿಗೊರಗಿ ಎದ್ದು ಕುಳಿತರು.

"ಕಂದಕದಲ್ಲಿ ನೀರಿಲ್ಲವೇ, ಬಾಚರಸರೇ?"

"ಇಲ್ಲ, ಪ್ರಭು. ಶತ್ರು ಹೊಳೆ ದಾಟಿದ್ದಾನೆ. ಇದನ್ನು ಬಿನ್ನವಿಸಲು ಕೈದಿಯಾಗಿ ಬರುವುದಲ್ಲದೆ ನನಗೆ ಬೇರೆ ದಾರಿಯಿರಲಿಲ್ಲ. ನಾಲಗೆಯನ್ನು ಕೊಯ್ಯಿಸುವುದಾದರೆ ಕೊಯ್ಯಿಸಿ. ತೂಬನ್ನು ಮಾತ್ರ ಈಗಲೇ ತೆರೆಸಿ."

ಅರಸರು ಭಾವಮೈದುನನತ್ತ ತಿರುಗಿದರು. ಬೊಪ್ಪರಸ, ಕಪ್ಪೆಗಳ ಕಾಟ ನಿಜಕ್ಕೂ ವಿಪರೀತವಾಗಿತ್ತೆಂದು ಗೊಣಗಿದ. ಅರಸರು ಸಂಕೋಲೆಯನ್ನು ಕಳಚಿಸಿದರು; ದಂಡನಾಯಕನ ಖಡ್ಗವನ್ನು ತೆಗೆಸಿ, ಅವನ ತಲೆದಂಡಕ್ಕೆ ಆಜ್ಞೆ ಕೊಡಲು ಬಾಯಿ ತೆರೆದರು.

ಬಾಚರಸರು ಅಡ್ಡ ಬಂದರು. "ಬೇಡ, ಪ್ರಭು. ಬುದ್ಧಿಯಿಲ್ಲದಿರುವುದು ತಲೆ ಹೋಗುವಂಥ ಅಪರಾಧವಲ್ಲ. ಅಂಥವರ ಕೈಗೆ ಖಡ್ಗ ಕೊಟ್ಟವರು ನಾವು. ಕೊಡುವಾಗ ನಾನೂ ಸಭೆಯಲ್ಲಿ ಸುಮ್ಮನೆ ಕುಳಿತಿದ್ದೆ."

ಅರಸರ ಮುಖಕ್ಕೆ ಕೆಂಪೇರಿ, ಮೆಲ್ಲಗೆ ಇಳಿಯಿತು. ಬೊಪ್ಪರಸನನ್ನು ಅವನ ಹಳ್ಳಿಗೆ ಕಳುಹಿಸುವಂತೆ ಕೈಸನ್ನೆ ಮಾಡಿದರು.

ಸಂಜೆಯ ಹೊತ್ತಿಗೆ ಕೆರೆಯ ನೀರು ಭೋರ್ಗರೆಯುತ್ತ ಕಂದಕಕ್ಕೆ ನುಗ್ಗಿತು. ಮರುದಿನ ಬಂದ ಮಾಂಡಲಿಕನ ದಂಡು ದಡದಲ್ಲೇ ತಡೆದು ನಿಂತಿತು. ಕೆಲವು ದಿನ ಬೀಡುಬಿಟ್ಟು, ಬಂದ ದಾರಿ ಹಿಡಿಯಿತು.

ಶತ್ರುವಿನ ಧೂಳು ದಿಗಂತದಲ್ಲಿ ಅಡಗುವವರೆಗೂ ಬಾಚರಸರು ಕೋಟೆಯ ಮೇಲೆ ನಿಂತೇ ಇದ್ದರು. ಆಮೇಲೆ ಗೋಡೆ ಹಿಡಿದು ಮೆಲ್ಲಗೆ ಮೆಟ್ಟಿಲಿಳಿಯತೊಡಗಿದರು. ಪಕ್ಕದ ಬಿಲ್ಲಾಳು ತನ್ನ ಹೆಗಲು ಕೊಟ್ಟ.